ಬಿ ಸಿಕ್ಸ್ ಹಾಕಿದ ಬೆಳಿಗ್ಗೆ

“ಆ ಕೈ ಅಲುಗದ ಹಾಗೆ ಹಿಡ್ಕೊಳ್ಳಿ ಅಮ್ಮಾ. ಅಷ್ಟು ಮಾಡಿ, ಸಾಕು,” ಎಂದರು ಮಕ್ಕಳ ಡಾಕ್ಟರು.

ಟೈಲರಮ್ಮ ಮಗಳ ಮಣಿಕಟ್ಟನ್ನು ಒತ್ತಿ ಹಿಡಿದಳು. ಎಂಥ ಜಾರುವ ರೇಷ್ಮೆಯನ್ನೂ ಪಳಗಿಸಿದ ಬೆರಳುಗಳು ಅವು. ಹುಟ್ಟಿ ವಾರವೂ ಆಗದ ಕೂಸು. ಕಾಲು ಸೆಟೆದಿತ್ತು, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡಿತ್ತು. ಫಿಟ್ಸಿಗೆ ಕೊಟ್ಟ ಯಾವ ಔಷಧಕ್ಕೂ ಅದು ಜಪ್ಪಯ್ಯ ಅಂದಿರಲಿಲ್ಲ.

“ಈಗೇನು ಹಾಕ್ತೀರಿ?” ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದರು.

“ವಿಟಮಿನ್ನು. ಬಿ ಸಿಕ್ಸ್.”

“ವಿಟಮಿನ್ನಾ! ನಾನು ಬಾಯಿಹುಣ್ಣಿಗೆ ನುಂಗೋ ಮಾತ್ರೆನಾ?”

“ಅದರಲ್ಲೂ ಇರತ್ತೆ ಅಜ್ಜಿ.”

“ಚೆನ್ನಾಗಿದೆ ಬಿಡಿ. ಇದಕ್ಕೆ ದೊಡ್ಡಾಸ್ಪತ್ರೆ ಬೇರೆ ಕೇಡು.”

ಮದ್ದು ಹತ್ತುವಾಗ ಉಸಿರು ನಿಂತರೂ ನಿಂತೀತೆಂದು ಸಿಸ್ಟರ್ ಗಾಳಿಚೀಲ ಹಿಡಿದು ಕಾದಳು. ಡಾಕ್ಟರು ಸಿರಿಂಜನ್ನು ಮೆಲ್ಲಗೆ ಒತ್ತಿದರು. ಪರದೆಯಲ್ಲಿ ಕೂಸಿನ ಮಿದುಳಿನ ಗೆರೆಗಳು ಹುಚ್ಚೆದ್ದು ಕುಣಿಯುತ್ತಿದ್ದವು. ನೋಡನೋಡುತ್ತಲೇ ಕುಣಿತ ಇಳಿಯಿತು. ಕಾಲು ಸಡಿಲವಾಯಿತು. ಕೂಸು ಆಕಳಿಸಿತು. ಲೋಕದಲ್ಲಿ ಮೊತ್ತಮೊದಲ ಆಕಳಿಕೆ ಅದೇ ಎಂಬಂತೆ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು.

“ನನ್ನ ಹಾಲಲ್ಲಿ ಅದು ಇರಲಿಲ್ವಾ ಡಾಕ್ಟ್ರೇ?” ಟೈಲರಮ್ಮ ಕೇಳಿದಳು.

“ನಿಮ್ಮ ಹಾಲಲ್ಲಿ ಕೊರತೆ ಇಲ್ಲ. ಮಿದುಳನ್ನ ಸುಮ್ಮನಿರಿಸೋ ರಸ ಒಂದಿದೆ, ಅದನ್ನ ಮಾಡೋದು ಒಂದು ಕಿಣ್ವ. ಆದರೆ ಅದೊಂದೇ ಇದ್ರೆ ಕೆಲಸ ಆಗಲ್ಲ. ಈ ವಿಟಮಿನ್ನು ಮೈಯೊಳಗೆ ರೂಪ ಬದಲಿಸಿ, ಸಹಕಿಣ್ವ ಆಗಿ ಅದರ ಜೊತೆ ಕೂಡ್ಕೋಬೇಕು.”

“ಮಿಷನ್ನಿಗೆ ಸೂಜಿ ಇಲ್ದಂಗೆ. ಚಕ್ರ ತಿರುಗತ್ತೆ, ಬಟ್ಟೆ ಮುಂದೆ ಹೋಗತ್ತೆ, ಹೊಲಿಗೆ ಬೀಳಲ್ಲ.”

“ಭೇಷ್! ಇವಳ ಮೈಯಲ್ಲಿ ಏನೋ ಕಸ ಸೇರ್ಕೊಂಡು ಆ ಸೂಜಿಗಳನ್ನ ಕಚ್ಚಿ ಹಿಡೀತಿರಬೇಕು. ಅದು ಹಿಡಿದೂ ಮಿಗೋವಷ್ಟು ಕೊಟ್ರೆ ಆಯ್ತು.”

ಅಷ್ಟು ಸಣ್ಣ ವಸ್ತು, ನೀರಲ್ಲಿ ಕರಗಿ ಹೋಗುವಂಥದ್ದು. ಅದಿಲ್ಲದೆ ಇಡೀ ಜೀವ ಕಂಗೆಡುತ್ತದೆ! ಟೈಲರಮ್ಮ ಅಂದಿನಿಂದ ದಿನವೂ ಆ ಬಿಳಿ ಮಾತ್ರೆಯನ್ನು ಅರೆದು ಹಾಲಿಗೆ ಬೆರೆಸುವಾಗ ಒಂದು ಕಣವೂ ಚೆಲ್ಲದಂತೆ ಉಸಿರು ಬಿಗಿಹಿಡಿಯುತ್ತಿದ್ದಳು. ಕೂಸಿಗೆ ಮತ್ತೆ ಫಿಟ್ಸ್ ಬರಲಿಲ್ಲ.

ಮನೆಗೆ ಕಳಿಸುವ ಮುಂಚೆ ಡಾಕ್ಟರು ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡರು.

“ಆ ಸೂಜಿ ಕಚ್ಚಿ ಹಿಡಿಯೋ ಕಾಯಿಲೆನೇ ಇದು ಅಂತ ನನಗೆ ಇನ್ನೂ ಖಾತ್ರಿ ಇಲ್ಲ. ಅದನ್ನ ಹಿಡಿಯೋ ರಕ್ತಪರೀಕ್ಷೆ ನಮ್ಮಲ್ಲಿಲ್ಲ. ಸ್ವಲ್ಪ ದಿನ ಮಾತ್ರೆ ನಿಲ್ಲಿಸಿ, ಇಲ್ಲೇ ಕಣ್ಣೆದುರಿಗೇ ನೋಡೋಣ. ಫಿಟ್ಸ್ ಬಂದ್ರೆ ತಕ್ಷಣ ಕೊಡ್ತೀವಿ. ಬರದೇ ಇದ್ರೆ ಇವಳಿಗೆ ಜೀವಮಾನವಿಡೀ ಮಾತ್ರೆ ನುಂಗೋ ಗೋಳು ತಪ್ಪತ್ತೆ.”

“ಡಾಕ್ಟ್ರು ಹೇಳ್ತಿರೋದು ಸರಿ ಇದೆ ಕಣೇ,” ಎಂದರು ಅತ್ತೆ.

ಸರಿಯಾಗಿಯೇ ಇತ್ತು. ಈ ಡಾಕ್ಟರಮ್ಮನ ತಲೆಗೆ, ಕೈಗೆ, ಟೈಲರಮ್ಮ ಮನಸ್ಸಿನಲ್ಲೇ ಎಷ್ಟು ಸಲ ಕೈಮುಗಿದಿದ್ದಳೋ. ಅವಳು ಮಗಳ ಅಂಗೈ ಬಿಡಿಸಿ ನೋಡಿದಳು; ಅದು ಮೆಲ್ಲಗೆ ಮುಚ್ಚಿ ಅವಳ ಬೆರಳನ್ನು ಹಿಡಿಯಿತು.

“ನಿಲ್ಲಿಸಲ್ಲ,” ಎಂದಳು.

“ಎರಡೇ ದಿನ...”

“ಒಂದು ಹೊತ್ತೂ ಇಲ್ಲ ಡಾಕ್ಟ್ರೇ. ನಿಲ್ಲಿಸಲ್ಲ.”