ಮೇಸ್ತ್ರಿ ಮನೆಯ ಟ್ಯಾಂಕು

ಊರಿನ ಅರ್ಧ ನಲ್ಲಿಗಳನ್ನು ಕೂರಿಸಿದವರು ಆ ಮೇಸ್ತ್ರಿಯೇ. ಆದರೆ ಅವರ ಸ್ವಂತ ಮನೆಯ ಕಕ್ಕಸಿನಲ್ಲಿದ್ದ ಫ್ಲಶ್ ಟ್ಯಾಂಕಿನ ಮುಚ್ಚಳವನ್ನು ಅವರು ಬಿಟ್ಟರೆ ಬೇರೆ ಯಾರೂ ಎತ್ತಿದ್ದಿಲ್ಲ. ಸೊಸೆ ಆ ಮನೆಗೆ ಬಂದ ಹೊಸದರಲ್ಲಿ ಅದರ ಮೇಲಿನ ಧೂಳು ಒರೆಸಲು ಹೋಗಿದ್ದಳು. ಅದರ ತಂಟೆ ಬೇಡ ಮಗಳೇ ಎಂದು ಮಾವ ಹೊರಗಿನಿಂದಲೇ ಕೂಗಿ ಹೇಳಿದ್ದರು. ಒಳಗೆ ನಿಧಿ ಇಟ್ಟಿದ್ದಾರೇನು ಎಂದು ಅವಳು ಗಂಡನ ಹತ್ತಿರ ಹೇಳಿಕೊಂಡು ನಕ್ಕಿದ್ದಳು.

ಅಂಥ ಟ್ಯಾಂಕು ಒಂದು ಮಧ್ಯಾಹ್ನ, ಊಟದ ತಟ್ಟೆ ತೊಳೆದಿಡುವ ಹೊತ್ತಿಗೆ, ಕೈಕೊಟ್ಟಿತು. ಹಿಡಿಕೆ ಒತ್ತಿದಾಗ ಒಳಗೇನೋ ಹರಿದಂತೆ ಸದ್ದಾಯಿತು. ಆಮೇಲೆ ನೀರು ನಿಲ್ಲಲೇ ಇಲ್ಲ.

ಬೇರೆ ದಿನವಾಗಿದ್ದರೆ ಮೇಸ್ತ್ರಿ ಚೀಲ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆದರೆ ಕಣ್ಣಿನ ಪೊರೆ ತೆಗೆಸಿಕೊಂಡು ಇನ್ನೂ ವಾರ ತುಂಬಿರಲಿಲ್ಲ. ಬಗ್ಗಕೂಡದು, ಭಾರ ಎತ್ತಕೂಡದು ಎಂದು ಡಾಕ್ಟರು ಒತ್ತಿ ಹೇಳಿ ಕಳಿಸಿದ್ದರು. ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ ಮುದುಕರು ನೀರಿನ ಸದ್ದು ಕೇಳಿದ್ದೇ ತಡ, ಮುಳ್ಳಿನ ಮೇಲೆ ಕೂತವರಂತಾದರು. ಮಗ ಕೆಲಸಕ್ಕೆ ಹೋಗಿದ್ದ. ಸಂಜೆಗೆ ಹಳೆಯ ಶಿಷ್ಯರೆಲ್ಲ ಗುಂಪಾಗಿ ಅವರ ಕಣ್ಣು ನೋಡಲು ಬರುವವರಿದ್ದರು.

ಬರುವವರೆಲ್ಲ ಇದೇ ಕೆಲಸದವರು ತಾನೇ, ಅವರಲ್ಲೇ ಒಬ್ಬರ ಕೈಯಲ್ಲಿ ಮಾಡಿಸೋಣ ಎಂದಳು ಸೊಸೆ. ಮೇಸ್ತ್ರಿ ಮುಖ ಹುಳ್ಳಗೆ ಮಾಡಿಕೊಂಡರು. ಆಮೇಲೆ ಹೇಳಿದರು:

"ಅವರು ಬರೋದ್ರೊಳಗೆ ಇದು ಸರಿಯಾಗ್ಬೇಕು, ಮಗಳೇ. ಇಲ್ಲಾಂದ್ರೆ ನನ್ನ ಮಾನ ಉಳಿಯಲ್ಲ."

ಸಂಗತಿ ಹೀಗಿತ್ತು. ಕೆಲಸ ಕಲಿಸುವ ಕಾಲದಲ್ಲಿ ಮೇಸ್ತ್ರಿಯೇ ಶಿಷ್ಯರಿಗೆ ಒಂದು ಅಭ್ಯಾಸ ಹಾಕಿಸಿದ್ದರು. ಯಾರ ಮನೆಗೆ ಹೋದರೂ ಕೂರುವ ಮೊದಲು ಕೈ ತೊಳೆಯುವ ನೆಪದಲ್ಲಿ ಒಳಗೆ ಹೋಗಬೇಕು, ಟ್ಯಾಂಕಿನ ಮುಚ್ಚಳ ಎತ್ತಬೇಕು, ಒಳಗೆ ಯಾರ ಕೈಕೆಲಸ ಇದೆ ಎಂದು ನೋಡಬೇಕು. ತಲೆ ನರೆತರೂ ಶಿಷ್ಯರು ಅದನ್ನು ಬಿಟ್ಟಿರಲಿಲ್ಲ. ಅದಕ್ಕೆಂದೇ ಮೇಸ್ತ್ರಿ ಇಷ್ಟು ಕಾಲ ಅವರನ್ನು ಚಹಾ ಅಂಗಡಿಯಲ್ಲೇ ಮಾತಾಡಿಸಿ ಸಾಗಹಾಕುತ್ತಿದ್ದರು. ಈಗ ರೋಗಿಯನ್ನು ನೋಡಲು ಬರುವವರಿಗೆ ಬೇಡವೆನ್ನುವುದು ಹೇಗೆ?

ಸೊಸೆ ಸೆರಗು ಸಿಕ್ಕಿಸಿದಳು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುವ ಹೆಣ್ಣು ಅವಳು. ಮಾವನ ಸಾಮಾನಿನ ಚೀಲದ ಮೇಲೆ ಅವಳಿಗೆ ಮೊದಲಿನಿಂದಲೂ ಕಣ್ಣು. ಅದಕ್ಕೆ ಕೈ ಹಾಕುವ ಯೋಗ ಬಂತಲ್ಲ ಎಂದು ಅದನ್ನು ಎತ್ತಿಕೊಂಡೇ ಕಕ್ಕಸಿಗೆ ನಡೆದಳು. ಗೋಡೆಯ ಪಕ್ಕದ ಸಣ್ಣ ನಲ್ಲಿ ತಿರುಗಿಸಿ ಟ್ಯಾಂಕಿಗೆ ಬರುವ ನೀರು ನಿಲ್ಲಿಸಿದಳು. ಮುಚ್ಚಳವನ್ನು ತಬ್ಬಿ ಎತ್ತಿ ಗೋಡೆಗೆ ಒರಗಿಸಿ ಒಳಗೆ ಇಣುಕಿದಳು.

ತಳದಲ್ಲಿ ನೀರು ತಡೆಯುವ ರಬ್ಬರಿನ ಬಿಲ್ಲೆ ಇರಬೇಕಾದ ಜಾಗದಲ್ಲಿ ಒಂದು ಚಪ್ಪಲಿ ಇತ್ತು. ಪೂರ್ತಿ ಚಪ್ಪಲಿಯಲ್ಲ, ಹಿಮ್ಮಡಿಯ ಭಾಗವನ್ನು ದುಂಡಗೆ ಕತ್ತರಿಸಿ ತಾಮ್ರದ ತಂತಿಯಲ್ಲಿ ಬಿಗಿದದ್ದು. ಈಗ ನಡುವೆ ಸೀಳಿತ್ತು.

"ಮಾವ, ಇದು ಯಾರದೋ ಹಳೇ ಚಪ್ಪಲಿ ಅಲ್ವಾ?"

ಹೊರಗಿನಿಂದ ಒಂದು ಕೆಮ್ಮು ಬಂತು.

ಅವಳಿಗೆ ನಗು ತಡೆಯಲಾಗಲಿಲ್ಲ. ಇಂಥದೇ ಇನ್ನೊಂದು ಚಪ್ಪಲಿಯ ಕತೆ ಅವಳು ಕೇಳಿದ್ದಳು. ಹಿರಿಯ ಶಿಷ್ಯನೊಬ್ಬ ಹುಡುಗಾಟದ ವಯಸ್ಸಿನಲ್ಲಿ ಯಾರದೋ ಮನೆಯ ಟ್ಯಾಂಕಿಗೆ ಚಪ್ಪಲಿ ತುಂಡು ಕಟ್ಟಿ ಬಂದಿದ್ದ. ಅದು ಸೋರಿ ರಂಪವಾಗಿ, ಮೇಸ್ತ್ರಿ ಎಲ್ಲರೆದುರು ಅವನ ನೀರಿಳಿಸಿದ್ದರು. ಅಂದಿನಿಂದ ಅವನ ಹೆಸರೇ ಸೋರಣ್ಣ. ಇವತ್ತು ಬರುವವರಲ್ಲಿ ಅವನೂ ಒಬ್ಬ.

ಚಪ್ಪಲಿ ತುಂಡನ್ನು ಬಿಡಿಸಿ ಕಿಟಕಿಯ ಮೇಲಿಟ್ಟು, ಅವಳು ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿಗೆ ಹೆಚ್ಚುಕಮ್ಮಿ ಓಡಿದಳು. ಹೊಸ ಬಿಲ್ಲೆ, ಅದನ್ನು ಹಿಡಿಕೆಗೆ ಕಟ್ಟುವ ಸರಪಳಿ ತಂದಳು. ಮೇಸ್ತ್ರಿ ಕುರ್ಚಿಯನ್ನು ಕಕ್ಕಸಿನ ಬಾಗಿಲಿಗೆ ಎಳೆಸಿಕೊಂಡು, ಸೂರು ನೋಡುತ್ತಲೇ ಒಂದೊಂದಾಗಿ ಹೇಳಿಕೊಟ್ಟರು. ಬಿಲ್ಲೆ ಕೂರುವ ಅಂಚನ್ನು ಬಟ್ಟೆಯಿಂದ ಉಜ್ಜು, ಬೆರಳಾಡಿಸಿ ನೋಡು, ಮರಳು ಹತ್ತಬಾರದು. ಬಿಲ್ಲೆಯ ಎರಡು ಕಿವಿಗಳನ್ನು ನಡುವೆ ನಿಂತ ಕೊಳವೆಯ ಆಚೆ ಈಚೆಯ ಮೊಳೆಗೆ ಸಿಕ್ಕಿಸು. ಕಾಜಾಕ್ಕೆ ಗುಂಡಿ ಸಿಕ್ಕಿಸಿದ ಹಾಗೆ ಕಿವಿಗಳು ಸಲೀಸಾಗಿ ಕೂತವು. ಟ್ಯಾಂಕಿನೊಳಗೆ ಮೊಣಕೈವರೆಗೆ ಇಳಿದಿದ್ದ ಅವಳಿಗೆ ಹಾಡಬೇಕೆನಿಸಿತು.

ಅಷ್ಟರಲ್ಲಿ ಸರಪಳಿಯ ತುದಿಯ ಕೊಂಡಿ ಮುರಿದು ಕೈಗೆ ಬಂತು. ಇನ್ನೊಮ್ಮೆ ಅಂಗಡಿಗೆ ಹೋಗುವಷ್ಟು ಹೊತ್ತಿಲ್ಲ. ಅವಳು ಮೆಷಿನ್ನಿನ ಡಬ್ಬಿಯಿಂದ ಲಂಗದ ಸೊಂಟಕ್ಕೆ ಹಾಕುವ ದಪ್ಪ ಹುಕ್ಕೊಂದನ್ನು ತಂದು, ಅದರಿಂದ ಸರಪಳಿಯನ್ನು ಹಿಡಿಕೆಯ ಕಡ್ಡಿಗೆ ಸಿಕ್ಕಿಸಿ ಇಕ್ಕಳದಲ್ಲಿ ಒತ್ತಿದಳು. ನಲ್ಲಿ ಬಿಟ್ಟಳು. ಟ್ಯಾಂಕು ತುಂಬತೊಡಗಿತು. ತುಂಬುತ್ತಲೇ ಇತ್ತು.

ಮೇಸ್ತ್ರಿ ತಲೆ ಓರೆ ಮಾಡಿ ಕೇಳಿಸಿಕೊಂಡರು. ಒಳಗೆ ಸಣ್ಣಗೆ ಸೋರುತ್ತಿದೆ, ಸರಪಳಿ ಬಿಲ್ಲೆಯ ಅಡಿಗೆ ಸಿಕ್ಕಿರಬೇಕು, ಎಷ್ಟು ಉದ್ದ ಬಿಟ್ಟೆ ಎಂದು ಕೇಳಿದರು.

"ಸ್ವಲ್ಪ ಹೆಚ್ಚಿಗೇನೇ ಬಿಟ್ಟಿದ್ದೀನಿ, ಮಾವ. ಮುಂದೆ ಬೇಕಾದ್ರೆ ಬಿಚ್ಕೋಬಹುದು ಅಂತ."

"ಟ್ಯಾಂಕು ದಪ್ಪ ಆಗಲ್ಲ ಕಣಮ್ಮ."

ಅವಳು ನಾಲಿಗೆ ಕಚ್ಚಿಕೊಂಡಳು. ಬೆಳೆಯುವ ಮಕ್ಕಳ ಬಟ್ಟೆಗೆ ಒಳಗೆ ಹೆಚ್ಚು ಅಂಚು ಬಿಡುವ ಹಾಗೆ ಬಿಟ್ಟಿದ್ದಳು. ಹುಕ್ಕು ಬಿಚ್ಚಿ, ಒಂದು ಬೆರಳಿನಷ್ಟು ಮಾತ್ರ ಸಡಿಲ ಉಳಿಸಿ, ಮತ್ತೆ ಒತ್ತಿದಳು. ಹೊರಗೆ ಬೈಕುಗಳು ನಿಂತ ಸದ್ದಾಯಿತು. ಮುಚ್ಚಳ ಇಟ್ಟು, ನೆಲ ಒರೆಸಿ, ಅವಳು ಚೀಲವನ್ನೂ ಕುರ್ಚಿಯನ್ನೂ ಮಾವನನ್ನೂ ಹಜಾರಕ್ಕೆ ಸಾಗಿಸುವಷ್ಟರಲ್ಲಿ ಶಿಷ್ಯರ ಹಿಂಡು ಒಳಗೆ ಬಂದಿತ್ತು.

ಸೋರಣ್ಣ ಹೊಟ್ಟೆ ಬಂದ ದೊಡ್ಡ ಆಳು. ಮೇಸ್ತ್ರಿಯ ಕಾಲು ಮುಟ್ಟಿದ, ಕಣ್ಣು ಹೇಗಿದೆ ಎಂದ, ಕೈ ತೊಳೆದು ಬರುತ್ತೇನೆ ಎಂದು ನೆಟ್ಟಗೆ ಒಳಗೆ ನಡೆದ. ಟ್ಯಾಂಕು ಇನ್ನೂ ತುಂಬುತ್ತಿತ್ತು. ಸೊಸೆ ಚಹಾ ಬಗ್ಗಿಸತೊಡಗಿದಳು. ಮುಚ್ಚಳ ಎತ್ತಿದ ಸದ್ದು ಕೇಳಿತು. ಆಗ ಅವಳಿಗೆ ನೆನಪಾಯಿತು. ಚಪ್ಪಲಿ ತುಂಡು ಕಿಟಕಿಯ ಮೇಲೇ ಇದೆ.

ಸೋರಣ್ಣ ಬಂದು ಆ ಒದ್ದೆ ತುಂಡನ್ನು ಮೇಜಿನ ಮೇಲೆ, ಚಹಾ ಲೋಟಗಳ ನಡುವೆ, ಮೆಲ್ಲಗೆ ಇಟ್ಟ.

"ಏನೋ ಅದು?" ಎಂದರು ಮೇಸ್ತ್ರಿ. "ನಂಗೆ ಕಣ್ಣು ಸರಿಯಾಗಿ ಕಾಣಲ್ಲ ನೋಡು."

"ಚಪ್ಪಲಿ, ಮೇಸ್ತ್ರಿ. ನಾನು ಕಟ್ಟಿದ್ದು ಒಂದೇ ತಿಂಗಳಿಗೆ ಸೋರಿತು. ಇದು ಎಷ್ಟು ಕಾಲ ಬಂತು?"

ಮೇಸ್ತ್ರಿಗೆ ಕಸುಬಿನ ಹೆಮ್ಮೆ ತಡೆಯಲಾಗಲಿಲ್ಲ. "ನಿನ್ನ ಮದುವೆಗೂ ಮುಂಚಿನದು ಕಣೋ," ಎಂದುಬಿಟ್ಟರು.

ಮನೆಯ ಸೂರು ಹಾರುವಂತೆ ನಗು ಎದ್ದಿತು. ಸೋರಣ್ಣ ಕಣ್ಣೊರೆಸಿಕೊಂಡು, ಈ ಹೆಸರನ್ನು ಇನ್ನು ಮೇಸ್ತ್ರಿಗೆ ವಾಪಸ್ ಕೊಡುತ್ತೇನೆ ಎಂದ. ಕೊಡು, ಮೇಸ್ತ್ರಿ ಅನ್ನೋ ಹೆಸರಿನ ಜೊತೆಗೆ ಅದೂ ಇರಲಿ ಎಂದು ಮುದುಕರೂ ನಕ್ಕರು. ಆಮೇಲೆ ಸೋರಣ್ಣ ಕೇಳಿದ:

"ಅದಿರಲಿ, ಸರಪಳಿಗೆ ಲಂಗದ ಹುಕ್ಕು ಹಾಕಿದ್ಯಾರು? ಅಂಥ ಕೈ ನಮ್ಮಲ್ಲಿ ಯಾರದೂ ಇಲ್ಲ."

"ನನ್ನ ಸೊಸೆ," ಎಂದರು ಮೇಸ್ತ್ರಿ. "ತಡಿ, ಹೊಗಳಬೇಡ ಈಗಲೇ. ಮೊದಲು ಕೇಳು."

ಎಲ್ಲರೂ ಲೋಟ ಕೈಯಲ್ಲೇ ಹಿಡಿದು ಕಿವಿಗೊಟ್ಟರು. ನೀರಿನ ಸದ್ದು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ತೇಲುವ ಗುಂಡು ಮೇಲೇರಿ ನಿಂತಿತು. ಆಮೇಲೆ ಏನೂ ಇಲ್ಲ. ಒಂದು ತೊಟ್ಟಿನ ಸದ್ದೂ ಇಲ್ಲ. ಸೊಸೆ ಸದ್ದಾಗದಂತೆ ತಟ್ಟೆ ಕೆಳಗಿಟ್ಟಳು. ಮೇಸ್ತ್ರಿ ಕಾಲಿನಿಂದಲೇ ಸಾಮಾನಿನ ಚೀಲವನ್ನು ಅವಳ ಕಡೆಗೆ ನೂಕಿದರು.