ಧೂಪದ ಹೊತ್ತು

ಹಸಿರು ದೀಪ, ಎಲ್ಲ ಸರಿಯಾಗಿದೆ ಎನ್ನುವ ದೀಪ, ಈ ಬೆಂಕಿ ಅಲಾರಂ ಪೆಟ್ಟಿಗೆಗೆ ಏನು ಗೊತ್ತು ಪಾಪ, ಚಾವಣಿಯಲ್ಲಿ ಹೊಗೆ ಹಿಡಿಯಬೇಕಾದ ಹದಿನಾಲ್ಕು ಡಿಟೆಕ್ಟರುಗಳಿಗೂ ಕೆಂಪು ಪ್ಲಾಸ್ಟಿಕ್ ಮುಚ್ಚಳ ಹಾಕಿ ಉಸಿರು ಕಟ್ಟಿಸಿದರೆ ಅದು ಹಸಿರಲ್ಲದೆ ಇನ್ನೇನು ತೋರಿಸೀತು — ಹಾಕಿದ್ದರು, ಈಗಿಲ್ಲ, ಹದಿನಾಲ್ಕೂ ನನ್ನ ಚೀಲದಲ್ಲಿವೆ, ಏಣಿ ಹತ್ತಿ ಇಳಿದು ಮಂಡಿ ಜುಮ್ಮೆನ್ನುತ್ತಿದೆ, ನಲವತ್ತೇಳರ ಮಂಡಿ, ಇರಲಿ, ಇವತ್ತೊಂದು ದಿನ ನೋಯಲಿ. ಒಂಬತ್ತು ಇಪ್ಪತ್ತು. ಮಲ್ಲಿಕಾರ್ಜುನ ಅಲ್ಲಿ ಗಲ್ಲಾದ ಹತ್ತಿರ ಕೆಂಡ ಊದುತ್ತಿದ್ದಾನೆ, ಸಾಂಬ್ರಾಣಿ ಧೂಪವನ್ನು ಮೂರು ಮಹಡಿಗೂ ತೋರಿಸದೆ ಬೋಣಿ ಮಾಡುವವನಲ್ಲ, ನಂಜನಗೂಡಿನ ಅಂಗಡಿಯಲ್ಲೂ ಹಾಗೇ, ಈಗ ಈ ನರಸೀಪುರದ ಹೊಸ ಅಂಗಡಿಯಲ್ಲೂ ಹಾಗೇ, ಗೋಡೆ ಹೊಸದು, ಕನ್ನಡಿ ಹೊಸದು, ಮನುಷ್ಯ ಅವನೇ. ಬೆಳಿಗ್ಗೆ ನನ್ನನ್ನು ನೋಡಿ ನಕ್ಕ, ಏನ್ ರುದ್ರಮ್ಮ, ತಾಂಡ್ಯದ ಅಲಾರಂ ಕಂಪ್ನಿಯೋರು ನಿನ್ನೇ ಕಳ್ಸವ್ರಾ, ಒಳ್ಳೇದಾಯ್ತು ಬುಡು, ನಮ್ಮೋಳೇ ಅಲ್ವಾ, ನೋಡು, ದೂಪ ಮುಗುದ್ಮೇಲೆ ಆ ಮುಚ್ಳ ಎಲ್ಲ ಬಿಚ್ಚು, ಸಾಹೇಬ್ರು ನೋಡ್ಕೊಂಡು ಹೋದ್ಮೇಲೆ ತಿರ್ಗ ಹಾಕ್ಬುಡು. ಆಗ್ಲಿ ಸಾರ್ ಅಂದೆ. ನಮ್ಮವಳಂತೆ. ತಪಾಸಣೆಯ ಅಗ್ನಿಶಾಮಕ ಅಧಿಕಾರಿ ಹನ್ನೊಂದಕ್ಕೆ ಬರುತ್ತಾರೆಂದು ಅವನು ತಿಳಿದಿದ್ದಾನೆ, ನಿನ್ನೆ ನಾನೇ ಫೋನ್ ಮಾಡಿ ಒಂಬತ್ತೂವರೆಗೆ ಬನ್ನಿ ಸಾರ್ ಅಂದದ್ದು ಅವನಿಗೆ ಗೊತ್ತಿಲ್ಲ.

ಎರಡು ವರ್ಷದ ಹಿಂದೆಯೂ ನಾನು ಇಂಥದೇ ಪೆಟ್ಟಿಗೆಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದೆ, ನಂಜನಗೂಡಿನ ಅಂಗಡಿಯಲ್ಲಿ, ಅವನ ಸಂಬಳಕ್ಕೆ, ದಿನಾ ಧೂಪಕ್ಕೆ ಅದು ಕೂಗುವುದು, ದಿನಾ ನಾನು ಗುಂಡಿ ಒತ್ತಿ ಬಾಯಿ ಮುಚ್ಚಿಸುವುದು, ಮೂರನೇ ಮಹಡಿಯಲ್ಲಿ ಸೀರೆಗೆ ಕುಚ್ಚು ಕಟ್ಟುತ್ತಿದ್ದ ವೆಂಕಟಮ್ಮ ಸೋಸಲೆ ಬಸ್ಸಿಳಿದು ಬಂದವಳು ಮೆಟ್ಟಿಲು ಹತ್ತುತ್ತಾ ರೇಗಿಸುವುದು, ಅಕ್ಕೋ, ನಿನ್ ಪೆಟ್ಗೆ ಒತ್ತಾರೆಗೇ ಬಡ್ಕೊತದಲ್ಲ, ಅದಕ್ಕೊಂದು ಮುದ್ದೆ ಆಕ್ಬಾರ್ದಾ, ಹೊಟ್ಟೆ ತುಂಬುದ್ರೆ ಸುಮ್ನಾದಾತು — ಆ ದಿನ ಧೂಪ ಮುಗಿದು ಅರ್ಧ ಗಂಟೆಯಾದ ಮೇಲೆ ಕೂಗಿತು, ನನಗೆ ಅನುಮಾನ ಬಂತು, ಬಂದಿತ್ತು, ಯಾರ ಮೇಲೆ ಬೇಕಾದರೂ ಆಣೆ ಮಾಡುತ್ತೇನೆ, ಗಲ್ಲಾಕ್ಕೆ ಫೋನ್ ಮಾಡಿದೆ, ಸಾರ್, ಎರಡನೇ ಮಹಡಿ ಗೋಡೌನ್ ತೋರಿಸ್ತಾ ಅದೆ, ನೋಡ್ಕೊಂಡು ಬರ್ಲಾ, ಅವನು ಅಂದ, ದೂಪ ಕಣಮ್ಮ, ಆಫ್ ಮಾಡು, ಗಿರಾಕಿಗಳು ಹೆದ್ರುಕೊತಾರೆ. ಒತ್ತಿದೆ. ಧೂಪವಲ್ಲ. ಗೋಡೌನಿನ ವೈರು. ಹೊಗೆ ಮೆಟ್ಟಿಲಲ್ಲೇ ಮೇಲೇರಿತು, ಉರಿ ಮೂರನೇ ಮಹಡಿಯನ್ನು ಮುಟ್ಟಲೇ ಇಲ್ಲ, ಹೊಗೆಯೇ ಸಾಕಾಯಿತು, ವೆಂಕಟಮ್ಮನ ಮೈಮೇಲೆ ಒಂದು ಸುಟ್ಟ ಗಾಯವೂ ಇರಲಿಲ್ಲ, ಮಲಗಿದವಳ ಹಾಗಿದ್ದಳು. ವಿಚಾರಣೆಗೆ ಬಂದವರು ಕೃಷ್ಣಕುಮಾರ್ ಸಾಹೇಬರು, ಇವತ್ತು ಬರುವವರೂ ಅವರೇ, ಅವರ ಮುಂದೆ ಮಲ್ಲಿಕಾರ್ಜುನ ಹಣೆಯ ವಿಭೂತಿ ಬೆವರಲ್ಲಿ ಇಳಿಯುತ್ತಿದ್ದರೂ ಮಾತು ತಡವರಿಸದೆ ಹೇಳಿದನಲ್ಲ, ನನಗೆ ಫೋನೇ ಬಂದಿಲ್ಲ ಸಾರ್, ಆ ಹೆಂಗಸೇ ಆಫ್ ಮಾಡ್ಬುಟ್ಟವ್ಳೆ, ಓದು ಬರಹ ಅಷ್ಟಕ್ಕಷ್ಟೆ. ಅವರು ಬರೆದುಕೊಂಡರು. ಐಟಿಐ ಮಾಡಿದವಳು ನಾನು. ವೆಂಕಟಮ್ಮನ ಗಂಡ ಬಾಗಿಲಲ್ಲೇ ನಿಲ್ಲಿಸಿದ, ಒಳೀಕೆ ಬರ್ಬ್ಯಾಡ ಕಣಮ್ಮ, ನಿನ್ ಕೈಯಾರೆ ಆಗೋಗದೆ. ಎರಡು ವರ್ಷವಾಯಿತು, ಅನ್ನ ಕಲಸುವಾಗಲೆಲ್ಲ ಆ ಮಾತು ಕೇಳಿಸುತ್ತದೆ. ಮಲ್ಲಿಕಾರ್ಜುನ ಸಾಯಲಿ ಎಂದು ನಾನು ಯಾವತ್ತೂ ಬೇಡಿಕೊಂಡಿಲ್ಲ, ಸತ್ತರೆ ಏನು ಬಂತು, ಅವನ ಬಾಯಿಂದ ಆ ಆಫ್ ಮಾಡು ಅನ್ನುವ ಮಾತು ಇನ್ನೊಮ್ಮೆ ಹೊರಡಬೇಕು, ಬರೆದುಕೊಂಡ ಮನುಷ್ಯನ ಕಿವಿಗೇ ಬೀಳಬೇಕು, ಅಷ್ಟೇ.

ಜೀಪು. ಕೃಷ್ಣಕುಮಾರ್ ಸಾಹೇಬರು ಕಾಲೊರಸಿಕೊಂಡು ಒಳಗೆ ಬಂದರು, ನಾನು ಇದ್ದಲ್ಲಿಗೇ ಬಂದು ಪೆಟ್ಟಿಗೆ ನೋಡಿದರು, ನನ್ನ ಗುರುತು ಹತ್ತಲಿಲ್ಲ, ಹತ್ತುತ್ತದೆ ತಾಳಿ ಸಾರ್, ಮಲ್ಲಿಕಾರ್ಜುನ ಆಗಲೇ ಧೂಪದ ಬಟ್ಟಲು ಹಿಡಿದು ಮೊದಲ ಮಹಡಿ ಏರಿದ್ದಾನೆ, ಇವರು ಬಂದದ್ದು ಅವನಿಗೆ ಕಂಡಿಲ್ಲ, ಘಂಟೆಯ ಸದ್ದು, ಸಾಂಬ್ರಾಣಿಯ ಘಮ, ಒಂದು, ಎರಡು, ಮೂರು — ಕೆಂಪು! ಕೂಗಿತು, ಅಬ್ಬಾ ಎಂಥ ಕೂಗು, ಹೊಸ ಅಂಗಡಿಯ ಹೊಸ ಗಂಟಲು, ಕೈ ಕಟ್ಟಿಕೊಂಡು ನಿಂತೆ, ಗುಂಡಿ ಮುಟ್ಟುವುದಿಲ್ಲ, ಸಾಹೇಬರು ಕಿವಿ ಮುಚ್ಚಿಕೊಂಡು ಏನಮ್ಮ ಇದು ಅನ್ನುವಷ್ಟರಲ್ಲಿ ಮೆಟ್ಟಿಲ ಮೇಲಿನಿಂದ ಅವನ ದನಿ, ದೂಪ ಕಣಮ್ಮ, ದೂಪ, ಆಫ್ ಮಾಡು ಅಂತೀನಿ, ಎಷ್ಟು ಸಲ ಹೇಳ್ಬೇಕು ನಿಂಗೆ! ಸಾಹೇಬರು ಕತ್ತೆತ್ತಿದರು. ನೋಡಿದ್ರಾ ಸಾರ್, ಅವನು ಬಂದು ನೋಡ್ಲಿಲ್ಲ, ಯಾವ ಮಹಡಿ ಅಂತ ಕೇಳ್ಲಿಲ್ಲ, ಅವತ್ತು ನಂಜನಗೂಡಲ್ಲೂ ಇದೇ ಮಾತು, ನಾನು ರುದ್ರಮ್ಮ. ಈಗ ಗುರುತು ಹತ್ತಿತು. ಅವರು ಪುಸ್ತಕ ತೆಗೆದರು, ಮಲ್ಲಿಕಾರ್ಜುನ ಅರ್ಧ ಮೆಟ್ಟಿಲಲ್ಲಿ, ಬಟ್ಟಲಿನಿಂದ ಹೊಗೆ ಅವನ ಮೂಗಿಗೇ ಹೋಗುತ್ತಿದೆ, ಕೆಮ್ಮಲೂ ಆಗದೆ ನಿಂತಿದ್ದಾನೆ, ಈ ಮುಖ, ಎರಡು ವರ್ಷ ಕಾದದ್ದು ಈ ಮುಖಕ್ಕೆ, ಕಣ್ತುಂಬ ನೋಡು ರುದ್ರಮ್ಮ, ನೋಡು — ಅವನ ಹಿಂದೆ, ಮೆಟ್ಟಿಲ ಕೊನೆಗೆ, ರೇಷ್ಮೆ ಸೀರೆಗಳ ಮುಂದೆ, ಕೆಲಸದ ಹುಡುಗಿಯರು. ಆರು ಜನ. ಒಬ್ಬಳೂ ಎದ್ದಿಲ್ಲ. ಎದ್ದು ಹೊರಗೆ ನಡೀರಮ್ಮ, ಕೇಳಿಸಲ್ವಾ, ಕೂಗಿದೆ, ಅರ್ಪಿತಾ, ನಡಿ, ಬೆಳಿಗ್ಗೆ ನನಗೆ ಏಣಿ ತೋರಿಸಿದ ಹುಡುಗಿ ತಲೆಯೆತ್ತದೆ ನಗುತ್ತಾಳೆ, ಬುಡಕ್ಕ, ದೂಪಕ್ಕೆ ಬಡ್ಕೊಳೋದು ಅದು, ಮುಚ್ಳ ಆಕೋಗಂಟ ದಿನಾ ಹಿಂಗೇಯ. ಆ ದಿನ ನಾನು ಗುಂಡಿ ಒತ್ತದೆಯೇ ಇದ್ದಿದ್ದರೆ ವೆಂಕಟಮ್ಮ ಎದ್ದು ಬರುತ್ತಿದ್ದಳೆ, ಬರುತ್ತಿದ್ದಳು, ಬರುತ್ತಿದ್ದಳು ಅಲ್ಲವೆ — ಅಲಾರಂ ಕೂಗುತ್ತಿದೆ, ಸಾಹೇಬರು ಬರೆಯುತ್ತಿದ್ದಾರೆ, ಅರ್ಪಿತಾ ಸೀರೆಯ ಅಂಚಿಗೆ ಅಂಚು ಕೂಡಿಸುತ್ತಾಳೆ, ಅಂಗೈಯಲ್ಲಿ ಸವರುತ್ತಾಳೆ, ಮಡಿಸುತ್ತಾಳೆ, ಅಲಾರಂ ಕೂಗುತ್ತಿದೆ, ಅಂಚಿಗೆ ಅಂಚು ಕೂಡಿಸುತ್ತಾಳೆ, ಸವರುತ್ತಾಳೆ, ಮಡಿಸುತ್ತಾಳೆ