ಚಂದ್ರನ ಕಪ್ಪಿಗೆ ಪಣಕ್ಕಿಟ್ಟ ಟಗರು

ಕುರ್ಡಿ ಊರಿನಲ್ಲಿ ಬಾಯಿ ಸುಮ್ಮನಿರದ ಮನುಷ್ಯ ಯಾರು ಅಂತ ಕೇಳಿದರೆ, ಸಣ್ಣ ಮಕ್ಕಳೂ ಕುರಿಗಾರ ಸಾಬಣ್ಣನ ಮನೆ ತೋರಿಸುತ್ತವೆ. ಅವತ್ತು ಚಹಾದಂಗಡಿಯ ಟಿವಿಯಲ್ಲಿ ಚಂದ್ರನ ಸುದ್ದಿ ಬರುತ್ತಿತ್ತು. ಅಕ್ಕಿ ಗಿರಣಿಯ ಮಲ್ಲಯ್ಯ ಸಾಹುಕಾರರು, "ಆ ಕಪ್ಪು ಕಪ್ಪು ಕಾಣ್ತದಲ್ಲ, ಅದೆಲ್ಲ ಸುಟ್ಟ ಕಲ್ಲು" ಎಂದರು. ಸಾಬಣ್ಣ ತೆಪ್ಪಗೆ ಚಹಾ ಕುಡಿದು ಎದ್ದು ಬರಬೇಕಿತ್ತು. ಬಂದನೇ? ಎಲ್ಲಿಯ ಮಾತು!

"ಕಲ್ಲಲ್ರೀ ಸಾವ್ಕಾರ್ರ, ನೀರು ಅದು. ಗುಡ್ಡದ ಮ್ಯಾಲ ನಿಂತು ಕೆಳಗ ನೋಡ್ರಿ, ಕೆರಿ ಕರ್ರಗ ಕಾಣ್ತದ. ಹಂಗ ಅದೂ."

"ಏನ್ ಬಾಜಿ ಕಟ್ತಿ?"

"ನನ್ನ ಟಗರು!"

ಅಂದದ್ದೇ ತಡ, ನಾಲಿಗೆ ಕಚ್ಚಿಕೊಂಡ. ದೇವದುರ್ಗದ ಕಡೆ ಮೇಯಿಸಲು ಹೋದಾಗ ಹುಟ್ಟಿದ ಮರಿ ಅದು, ಮೂರನೇ ದಿನಕ್ಕೇ ತಾಯಿಯನ್ನು ಕಳೆದುಕೊಂಡಿತ್ತು. ಹೆಂಡತಿ ಮಾರೆಮ್ಮ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಅದರ ಉಸಿರು ಕಿವಿಗೆ ಬೀಳದಿದ್ದರೆ ಸಾಬಣ್ಣನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಮಲ್ಲಯ್ಯನವರ ಮನೆಯಲ್ಲಿ ಮಾಂಸ ತಿನ್ನುವವರಿಲ್ಲ, ಆದರೆ ಇಂಥ ಟಗರನ್ನು ಗಿರಣಿ ಬಾಗಿಲಲ್ಲಿ ಕಟ್ಟಿ ನಾಲ್ಕು ಜನಕ್ಕೆ ತೋರಿಸಬೇಕೆಂದು ಎರಡು ವರ್ಷದಿಂದ ಜೊಲ್ಲು ಸುರಿಸುತ್ತಿದ್ದರು. ಅವರೂ ಕಡಿಮೆ ಇಡಲಿಲ್ಲ. ತಾವು ಸೋತರೆ ಚೀಕಲಪರ್ವಿ ಹೊಳೆದಂಡೆಯ ಇಪ್ಪತ್ತು ಎಕರೆ ಭತ್ತದ ಗದ್ದೆಯಲ್ಲಿ, ಕೊಯ್ಲಾದ ಮೇಲೆ ಬೇಸಿಗೆ ಪೂರ್ತಿ ಸಾಬಣ್ಣನ ಕುರಿ ಮೇಯಲಿ ಎಂದರು.

ತೀರ್ಮಾನ ಶಾಲೆಯ ಬಯಲಿನಲ್ಲಿ ಆಗಬೇಕೆಂದು ನಿಶ್ಚಯವಾಯಿತು. ವಿಜ್ಞಾನದ ಸುನಂದಾ ಮೇಡಂ ಮಕ್ಕಳಿಗೆಂದು ರಾಯಚೂರಿನಿಂದ ದೂರದರ್ಶಕ ತಂದಿದ್ದರು. ಬಾಜಿಯ ಮಾತು ಕೇಳಿ ಅವರಿಗೂ ನಗು.

"ಮೊದಲ ನೀವಿಬ್ರೂ ನೋಡ್ರಿ. ಆಮ್ಯಾಲ ನಾ ಹೇಳ್ತೀನಿ."

ಹೊತ್ತು ಮುಳುಗಿ ಇನ್ನೂ ಬೆಳಕಿತ್ತು. ಅರ್ಧ ಚಂದ್ರ ನೆತ್ತಿಯ ಮೇಲಿದ್ದ. ಮಾರೆಮ್ಮ ಟಗರಿನ ಹಗ್ಗ ಹಿಡಿದು ಒಂದು ಕಡೆ ನಿಂತಿದ್ದಳು, ಗಂಡನ ಮುಖ ನೋಡಲೂ ಅವಳಿಗೆ ಮನಸ್ಸಿರಲಿಲ್ಲ. ಮಲ್ಲಯ್ಯನವರು ಒಂದು ಕಣ್ಣು ಮುಚ್ಚಿ ಬಗ್ಗಿದರು.

"ಅಬಬಬ! ನುಣ್ಣಗ ಅದಲ್ಲೋ, ತುಂಬಿದ ಕೆರಿ ಇದ್ದಂಗ! ಸಾಬಣ್ಣ, ನಾ ಸೋತೆ ನೋಡಪಾ."

ಜನ ಹೋ ಎಂದಿತು. ಮಾರೆಮ್ಮ ಟಗರಿನ ಕೊರಳು ತಬ್ಬಿಕೊಂಡಳು. ಹುಲ್ಲೂ ಸಿಕ್ಕಿತು, ಟಗರೂ ಉಳಿಯಿತು, ಇನ್ನೇನು ಬೇಕು? ಸಾಬಣ್ಣ ಗೆದ್ದ ಖುಷಿಯಲ್ಲಿ ತಾನೂ ಒಮ್ಮೆ ನೋಡೋಣವೆಂದು ಬಗ್ಗಿದ.

ನೆಲ ನೋಡಿ ಯಾರ ಹಿಂಡು ಯಾವ ಕಡೆ ಹೋಯಿತೆಂದು ಹೇಳುವ ಕಣ್ಣು ಅವನದು. ಬೆಳ್ಳಗಿನ ಕಡೆ ತೆಗ್ಗಿನ ಮೇಲೆ ತೆಗ್ಗು, ಬೆರಳಿಡಲು ಜಾಗವಿರಲಿಲ್ಲ. ಕಪ್ಪಿನ ಕಡೆ ಎಲ್ಲ ನುಣುಪು. ಅಲ್ಲಿಗೆ ಬಿಟ್ಟು ಎದ್ದಿದ್ದರೆ ಮುಗಿದಿತ್ತು. ಅವನು ಇನ್ನೂ ನೋಡಿದ. ಕಪ್ಪಿನಲ್ಲೂ ಅಲ್ಲೊಂದು ಇಲ್ಲೊಂದು ಸಣ್ಣ ತೆಗ್ಗು, ಅದಕ್ಕೊಂದು ಅಂಚು, ಒಳಗೆ ನೆರಳು.

"ಮೇಡಮ್ಮೋರ, ನೀರಾಗ ತೆಗ್ಗು ಹ್ಯಾಂಗ ನಿಂತಾವ್ರೀ?"

"ಏ, ಬಾಯಿ ಮುಚ್ಚಿಕೊಂಡು ಬಾ ಇತ್ಲಾಗ!" ಎಂದು ಮಾರೆಮ್ಮ ಚೀರಿದಳು. ಅವನಿಗೆ ಕೇಳಿಸಿದ್ದರೆ ತಾನೇ!

ಸುನಂದಾ ಹತ್ತಿರ ಬಂದರು. "ಅದು ನೀರಲ್ಲ, ಸಾಬಣ್ಣ. ಗುಡ್ಡದಂಥ ಕಲ್ಲು ಬಂದು ಬಡದು ದೊಡ್ಡ ದೊಡ್ಡ ತೆಗ್ಗು ಬಿದ್ದಿದ್ವು. ಒಳಗ ಕರಗಿದ್ದ ಕಲ್ಲು ಬಿರುಕಿನಾಗಿಂದ ಉಕ್ಕಿ ಬಂದು ಅವನ್ನ ತುಂಬಿ, ಆರಿ ಗಟ್ಟಿ ಆತು. ಅದರಾಗ ಕಬ್ಬಿಣ ಜಾಸ್ತಿ, ಅದಕ್ಕ ಕಪ್ಪು."

"ಅಂದ್ರ ಬಡದ ದಿನಾನ ಕರಗಿ ತುಂಬ್ತು ಅನ್ರಿ" ಎಂದರು ಮಲ್ಲಯ್ಯನವರು.

ಸಾಬಣ್ಣ ಕಣ್ಣು ತೆಗೆಯದೆ ಹೇಳಿದ: "ಇಲ್ರೀ ಸಾವ್ಕಾರ್ರ. ನನ್ನ ಹೇಣ್ತಿ ಅರ್ಧ ಅಂಗಳ ಮತ್ತ ಸಾರಿಸಿದ್ಲು ಅಂದ್ರ, ಹಳೀ ಅರ್ಧದಾಗ ಕುರಿ ಹೆಜ್ಜಿ ಮ್ಯಾಲ ಹೆಜ್ಜಿ ಇರ್ತಾವ. ಹೊಸಾದ್ರಾಗ ನಾಕೋ ಐದೋ. ಇಲ್ಲೂ ಹಂಗ ಅದ. ಈ ಕಪ್ಪು ಭಾಳ ದಿನ ಆದ ಮ್ಯಾಲ ಸಾರಿಸಿದ್ದು."

ಸುನಂದಾ ಬೆರಗಾಗಿ ಅವನ ತೋಳು ಹಿಡಿದರು. "ಕೋಟಿಗಟ್ಟಲೆ ವರ್ಷ ಆದ ಮ್ಯಾಲ್ರೀ! ವಿಜ್ಞಾನಿಗಳೂ ಹಿಂಗ ತೆಗ್ಗು ಎಣಿಸೇ ಯಾವ ನೆಲ ಹಳೇದು, ಯಾವುದು ಹೊಸದು ಅಂತ ಹೇಳ್ತಾರ. ನಿಮಗ ಯಾರ ಹೇಳಿಕೊಟ್ರು?"

ಅವನ ಎದೆ ಉಬ್ಬಿತು. ಆಮೇಲೆ ಟಗರು ನೆನಪಾಯಿತು.

"ಬಿಡೋ, ನಾ ಆಗಲೇ ಸೋತೆ ಅಂದೀನಲ್ಲ" ಎಂದರು ಮಲ್ಲಯ್ಯನವರು, ಮುಖ ಆ ಕಡೆ ಮಾಡಿಕೊಂಡು.

"ನೀವು ಅಂದ್ರೇನ್ರೀ? ನನ್ನ ಕಣ್ಣ ನೋಡ್ಯಾವ."

ಮಾರೆಮ್ಮನ ಕೈಯಿಂದ ಹಗ್ಗ ಬಿಡಿಸಿ ಮಲ್ಲಯ್ಯನವರ ಕೈಗೆ ಕೊಟ್ಟ. ಟಗರು ಹತ್ತು ಹೆಜ್ಜೆ ಹೋಗಿ ಕಾಲೂರಿ ನಿಂತು, ಹಿಂದೆ ತಿರುಗಿ ಬ್ಯಾ ಎಂದಿತು. ಮಾರೆಮ್ಮ ಇದ್ದಲ್ಲಿಯೇ ಕುಕ್ಕರಿಸಿದಳು. ಸಾಬಣ್ಣ ಅತ್ತ ನೋಡಲಿಲ್ಲ.

"ಮೇಡಮ್ಮೋರ, ಇನ್ನೊಮ್ಮೆ ನೋಡ್ಲೇನ್ರೀ?"

ಬಗ್ಗಿ ಕಣ್ಣಿಟ್ಟ. ಬಹಳ ಹೊತ್ತು ಎದ್ದೇಳಲೇ ಇಲ್ಲ. ಏನು ಕಾಣ್ತದ ಎಂದು ಸುನಂದಾ ಮೆಲ್ಲಗೆ ಕೇಳಿದರು.

"ಈಗ ನೀರು ಕಾಣಾಕತ್ತದ್ರೀ" ಎಂದು ಸಾಬಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡ.